ಐದು ಸೂತಿನ ಸಾಕ್ಷಿ

“ಮೂರು ಸುತ್ತು,” ಅಂದೆ. “ಮೂರೂವರೆ. ನಾಲ್ಕನೇದಕ್ಕೆ ಬರಲ್ಲ, ನೋಡಿ.”

ಪೊಲೀಸ್ ಲೆಫ್ಟಿನೆಂಟ್ ಬಗ್ಗಿದ. ವೈಸ್‌ಗೆ ಬಿಗಿದಿದ್ದ ರೈಫಲ್ ನಳಿಗೆಯ ತುದಿಯಲ್ಲಿ ಆ ಒಡೆದ ಉಕ್ಕಿನ ತುಂಡು ಸೊಟ್ಟಗೆ ನಿಂತಿತ್ತು. ಬೆರಳಲ್ಲಿ ತಟ್ಟಿದರೆ ಅಲುಗಾಡುತ್ತಿತ್ತು. ತಿರುಗಿಸಲು ಹೋದರೆ ಜಪ್ಪಯ್ಯ ಅಂದರೂ ಮುಂದಕ್ಕೆ ಹೋಗುತ್ತಿರಲಿಲ್ಲ. ಅದರ ಹೊರಮೈಯಲ್ಲಿ ಯಾರೋ ಪಾನಾ ಹಾಕಿ ಬಲವಂತವಾಗಿ ಬಿಗಿದ ಗೀರುಗಳಿದ್ದವು.

“ಕೆಟ್ಟ ಕೆಲಸ,” ಅಂದ ಲೆಫ್ಟಿನೆಂಟ್ ಇಂಗ್ಲಿಷಿನಲ್ಲಿ. “ಅದನ್ನೇ ತಾನೇ ನಾವೂ ಹೇಳುತ್ತಿರುವುದು, ಮೇಡಂ?”

ನನಗೆ ಸಿಟ್ಟು ಬಂತು. ಅವನ ಮೇಲಲ್ಲ, ನನ್ನ ಮೇಲೆಯೇ.

ಹಿಂದಿನದನ್ನು ಓದದವರಿಗೆ ಒಂದೇ ಮಾತಲ್ಲಿ ಹೇಳಿಬಿಡುತ್ತೇನೆ: ಅಬುಧಾಬಿ ರಸ್ತೆಯ ಒಂದು ಶೂಟಿಂಗ್ ಕ್ಲಬ್ಬಿನಲ್ಲಿ ಈ ತುಂಡು ಸಿಡಿದು ತರಬೇತುದಾರ ರುಡೊಲ್ಫ್‌ನ ಕಣ್ಣಿಗೆ ಬಡಿಯಿತು, ಅದನ್ನು ಮಾಡಿಕೊಟ್ಟವನೆಂದು ಲೇತ್ ಕೆಲಸದ ಹಂಝನನ್ನು ಒಳಗೆ ಹಾಕಿದರು, ಅವನು ಅಲ್ಲೇ ಉಳಿಯುವಂಥ ವರದಿಗೆ ಸಹಿ ಹಾಕಿದವಳು ನಾನು, ಈ ಚಾಮುಂಡೇಶ್ವರಿ.

ಅಳತೆ ನನ್ನ ಕಸುಬು. ಮೈಸೂರಿನ ಟೂಲ್ ರೂಮಿನಲ್ಲಿ ಹದಿಮೂರು ವರ್ಷ, ಇಲ್ಲಿ ಸಿಲಿಕಾನ್ ಓಯಸಿಸ್‌ನ ಲ್ಯಾಬಿನಲ್ಲಿ ಹದಿನೇಳು ವರ್ಷ. ಪೊಲೀಸರು ಚೀಲದಲ್ಲಿ ಹಾಕಿ ಕಳಿಸಿದ್ದನ್ನು ಅಳೆದು ಬರೆದುಕೊಡುತ್ತೇನೆ. ಈ ತುಂಡು ಬಂದಾಗ ಒಳಗಿನ ತಿರುಪಿನ ಸುರುಳಿ ಅಳೆದು ‘ಥ್ರೆಡ್ ಹದಿನಾರು ಮಿಲಿಮೀಟರ್, ಒಂದು ಸುತ್ತಿಗೆ ಒಂದು ಮಿಲಿಮೀಟರ್’ ಅಂತ ಬರೆದೆ. ಹಂಝನ ಹೇಳಿಕೆಯಲ್ಲೂ ‘ಹದಿನಾರು ಮಿಲಿಮೀಟರ್ ಮಾಡಿದೆ’ ಅಂತಿತ್ತು. ಎರಡೂ ತಾಳೆಯಾಯಿತು, ಖಲಾಸ್. ನಳಿಗೆಯನ್ನೂ ಕಳಿಸಿ ಎಂದು ಕೇಳಬೇಕೆಂಬ ಬುದ್ಧಿ ನನಗೆ ಬಂದದ್ದು ಒಂಬತ್ತು ದಿನ ತಡವಾಗಿ.

ಇದು ಹನ್ನೊಂದನೇ ದಿನ. ನಾಳೆ ಬೆಳಿಗ್ಗೆ ಫೈಲು ಮೇಲಕ್ಕೆ ಹೋಗುತ್ತದೆ. ಹೋದರೆ ಹಂಝನಿಗೆ ಜೈಲು, ಆಮೇಲೆ ಮತ್ತೆ ಈ ದೇಶಕ್ಕೆ ಕಾಲಿಡದ ಹಾಗೆ ವಿಮಾನ ಹತ್ತಿಸುವುದು. ಇಪ್ಪತ್ತೆರಡು ವರ್ಷ ದುಡಿದ ಮನುಷ್ಯ. ಇವತ್ತು ಒಂದು ಗಂಟೆ ಕಾಲ ಅವನನ್ನು ಅವನದೇ ವರ್ಕ್‌ಶಾಪಿಗೆ ಕರೆತಂದು ತೋರಿಸಲು ಲೆಫ್ಟಿನೆಂಟ್ ಒಪ್ಪಿದ್ದೇ ದೊಡ್ಡದು.

ರಾಸ್ ಅಲ್ ಖೋರ್‌ನ ಆ ಶೆಡ್ಡಿನ ತಗಡು ಬೆಳಗಿನ ಹತ್ತಕ್ಕೇ ಕಾದು ಕೆಂಡವಾಗಿತ್ತು. ಹಂಝ ಲೇತಿನ ಪಕ್ಕದಲ್ಲಿ, ಬೇರೆಯವರ ಮನೆಗೆ ಬಂದವನ ಹಾಗೆ, ಕೈ ಕಟ್ಟಿ ನಿಂತಿದ್ದ. ಬಾಗಿಲ ಬಳಿ ಸ್ಟೂಲಿನ ಮೇಲೆ ಅವನ ಹೆಂಡತಿ ಝುಲೈಖ. ಇಂಟರ್‌ನ್ಯಾಷನಲ್ ಸಿಟಿಯಿಂದ ಎರಡು ಬಸ್ ಬದಲಾಯಿಸಿ ಬಂದಿದ್ದಳು. ತೊಡೆಯ ಮೇಲೆ ಒಂದು ಪ್ಲಾಸ್ಟಿಕ್ ಚೀಲ, ಅದರೊಳಗೆ ಇಸ್ತ್ರಿ ಮಾಡಿದ ಶರ್ಟು. ಅವನನ್ನು ಬಿಟ್ಟರೆ ಹಾಕಿಕೊಂಡು ಮನೆಗೆ ಬರಲಿ ಅಂತ ದಿನಾ ಒಂದು ಶರ್ಟು ಇಸ್ತ್ರಿ ಮಾಡಿ ಸ್ಟೇಷನ್ನಿಗೆ ತರುತ್ತಿದ್ದಳಂತೆ, ಸಂಜೆ ವಾಪಸ್ ಒಯ್ಯುತ್ತಿದ್ದಳಂತೆ.

ಇನ್ನೊಬ್ಬ ತೌಫೀಕ್. ಕ್ಲಬ್ಬಿನ ಆಯುಧ ಸ್ಟೋರ್ ನೋಡಿಕೊಳ್ಳುವವನು, ಉಡುಪಿ ಕಡೆಯವನು, ಹಸನ್ಮುಖಿ. ಬ್ರೇಕ್ ಮಾಡಿಸಲು ನಳಿಗೆಯನ್ನೂ ಕ್ಲಬ್ಬಿನ ಪರವಾನಗಿ ಕಾಗದವನ್ನೂ ಹಿಡಿದು ಹಂಝನ ಬಳಿ ಬಂದವನು ಇವನೇ. ಬರುವಾಗ ಎಲ್ಲರಿಗೂ ಕರಕ್ ಚಹಾ ತಂದಿದ್ದ, ಪೊಲೀಸ್ ಪೇದೆಗೂ ಸೇರಿಸಿ.

ಬ್ರೇಕ್ ಅಂದರೆ ಕಾರಿನದಲ್ಲ. ರೈಫಲ್ಲಿನ ಮೂತಿಗೆ ತಿರುಪಿ ಕೂರಿಸುವ ಒಂದು ಗಿಡ್ಡ ಉಕ್ಕಿನ ಕೊಳವೆ. ಗುಂಡು ಹಾರಿದಾಗ ಗಾಳಿಯನ್ನು ಪಕ್ಕಕ್ಕೆ ತಳ್ಳಿ ಭುಜಕ್ಕೆ ಬೀಳುವ ಒದೆತ ತಗ್ಗಿಸುತ್ತದೆ. ಅದರಲ್ಲಿ ಎರಡೇ ವಿಷಯ ಸರಿಯಿರಬೇಕು: ಒಳಗಿನ ಥ್ರೆಡ್ ನಳಿಗೆಯ ಥ್ರೆಡ್ಡಿಗೆ ಕೂಡಬೇಕು, ಮುಂದಿನ ತೂತು ಆ ಗುಂಡಿನ ದಪ್ಪಕ್ಕೆ ಹೊಂದಬೇಕು. ಎರಡರಲ್ಲಿ ಒಂದು ತಪ್ಪಿದರೂ ಗುಂಡು ಅಂಚಿಗೆ ತಾಗುತ್ತದೆ, ರುಡೊಲ್ಫ್‌ಗೆ ಆದದ್ದು ಆಗುತ್ತದೆ.

ಅಷ್ಟರಲ್ಲಿ ನನ್ನ ಫೋನು ಬಡಿದುಕೊಂಡಿತು. ಕೈಯೆಲ್ಲ ಎಣ್ಣೆ. ಕೆಲಸ ಮಾಡುವಾಗ ನಾನು ಫೋನನ್ನು ಬೆಂಚಿನ ಮೇಲಿಟ್ಟು ಮೊಣಕೈಯಲ್ಲಿ ಒತ್ತುವುದು, ಸ್ಪೀಕರ್ ಯಾವಾಗಲೂ ಆನ್. ನನ್ನ ಗಂಡ ಶಾಮಸುಂದರ.

“ಚಾಮೂ, ಸಾರಿನ ಪುಡಿ ಯಾವ ಡಬ್ಬೀಲಿದೆ? ಇದು ಧನಿಯಾ ವಾಸನೆ ಬರ್ತಿದೆ.”

“ಕೆಂಪು ಮುಚ್ಚಳದ್ದು ಕಣ್ರೀ. ಕೆಲಸದಲ್ಲಿದೀನಿ.”

“ಕೆಂಪು ಮುಚ್ಚಳದ್ದು ಎರಡಿದೆ.”

“ಎರಡನ್ನೂ ಹಾಕಿ.” ಮೊಣಕೈಯಲ್ಲೇ ಕಟ್ ಮಾಡಿದೆ. ತೌಫೀಕ್ ಮುಸಿಮುಸಿ ನಕ್ಕ. ಪಾಪ, ಝುಲೈಖಳಿಗೂ ತುಟಿಯಂಚಲ್ಲಿ ನಗು ಬಂದು ಹೋಯಿತು.

ಪೆಟ್ಟಿಗೆಯಿಂದ ಪಿಚ್ ಗೇಜ್ ತೆಗೆದೆ. ಚಾಕುವಿನ ಹಾಗೆ ಬಿಚ್ಚುವ ತೆಳು ಎಲೆಗಳು, ಒಂದೊಂದಕ್ಕೂ ಒಂದೊಂದು ಅಳತೆಯ ಹಲ್ಲು. ನಳಿಗೆಯ ಥ್ರೆಡ್ಡಿಗೆ ‘ಇಂಚಿಗೆ ಇಪ್ಪತ್ತನಾಲ್ಕು ಸುತ್ತು’ ಎಂಬ ಎಲೆ ಹಿಡಿದೆ, ಬೆಳಕು ತೂರದ ಹಾಗೆ ಕೂತಿತು. ಆಮೇಲೆ ದಪ್ಪ ಅಳೆದೆ.

“ಸರ್, ಇದು ಇಂಚಿನ ನಳಿಗೆ. ಒಂದಿಂಚನ್ನು ಎಂಟು ಪಾಲು ಮಾಡಿ ಐದು ಪಾಲು. ಹದಿನಾರು ಮಿಲಿಮೀಟರಿಗಿಂತ ಒಂದು ಕೂದಲೆಳೆ ಸಣ್ಣ. ಒಡೆದ ತುಂಡು ಮಿಲಿಮೀಟರಿನದು. ಹತ್ತಿರ ಹತ್ತಿರ ಇರೋದರಿಂದ ಮೂರು ಸುತ್ತು ಹೋಗುತ್ತೆ, ಆಮೇಲೆ ಸಿಕ್ಕಿಕೊಂಡು ಸೊಟ್ಟಗಾಗುತ್ತೆ.”

“ಅಂದರೆ ಇವನು ಅಳತೆ ತಪ್ಪು ಮಾಡಿದ.”

“ಇವರು ಮಾಡಿದ್ದರೆ ತಾನೇ?”

“ಮಾಡಿದೆ ಎಂದು ಸಹಿ ಹಾಕಿದ್ದಾನೆ, ಮೇಡಂ. ಹದಿನಾರು ಎಂದು ಅವನೇ ಹೇಳಿದ್ದು.”

ನಾನು ಹಂಝನ ಕಡೆ ತಿರುಗಿದೆ. ಹನ್ನೊಂದು ದಿನದಿಂದ ಕೇಳಬೇಕಿದ್ದ ಪ್ರಶ್ನೆ.

“ಹಂಝ ಅವರೇ, ತೌಫೀಕ್ ತಂದ ನಳಿಗೆ ನೋಡಿ ನೀವು ಎಷ್ಟು ಅಂತ ಬರ್ಕೊಂಡ್ರಿ?”

“ಐದು ಸೂತ್, ಇಪ್ಪತ್ನಾಲ್ಕು,” ಅಂದ ಅವನು ತಡವರಿಸದೆ. ಸೂತ್ ಅಂದರೆ ಇಂಚಿನ ಎಂಟನೇ ಒಂದು ಪಾಲು.

“ಮತ್ತೆ ಸ್ಟೇಷನ್ನಲ್ಲಿ ಹದಿನಾರು ಅಂದದ್ದು ಯಾಕೆ?”

“ಐದು ಸೂತಿಗೆ ಹದಿನಾರು ಅಂತಲೇ ಅಲ್ವಾ ಮೇಡಂ ಹೇಳುದು. ನಾವು ಮಂಗಳೂರಲ್ಲಿ ಕಲಿಯುವಾಗ ಎಲ್ಲ ಸೂತಿನ ಲೆಕ್ಕ. ಇಲ್ಲಿ ಸೂತ್ ಅಂದ್ರೆ ಯಾರಿಗೂ ಅರ್ಥ ಆಗುದಿಲ್ಲ. ಬೋಲ್ಟ್ ಅಂಗಡಿಯಲ್ಲಿ ಮೂರು ಸೂತಿಗೆ ಹತ್ತು ಅಂತೇವೆ, ನಾಲ್ಕಕ್ಕೆ ಹನ್ನೆರಡು, ಐದಕ್ಕೆ ಹದಿನಾರು. ಅವರಿಗೆ ಗೊತ್ತಾಗ್ಲಿ ಅಂತ ಹಾಗೆ ಹೇಳಿದೆ.”

ಅಯ್ಯೋ ದೇವರೇ ಅಂದುಕೊಂಡೆ. ಪೊಲೀಸರಿಗೆ ಸುಲಭವಾಗಲಿ ಎಂದು ಮನುಷ್ಯ ತನ್ನ ಕುತ್ತಿಗೆಗೆ ತಾನೇ ಹಗ್ಗ ಹಾಕಿಕೊಂಡಿದ್ದಾನೆ. ಈ ಊರಿನ ಅರ್ಧ ವರ್ಕ್‌ಶಾಪುಗಳಲ್ಲಿ ನಡೆಯುವ ರೂಢಿ ಅದು. ನಮ್ಮಪ್ಪನೂ ಸೂತಲ್ಲೇ ಅಳೆಯುತ್ತಿದ್ದರು. ನನಗೆ ಹೊಳೆಯಲಿಲ್ಲವಲ್ಲ.

“ತುಂಡನ್ನು ನೋಡಿ ಗುರುತು ಹಿಡಿಯಲಿಲ್ವಾ?”

“ಪ್ಲಾಸ್ಟಿಕ್ ಚೀಲದ ಒಳಗೆ ತೋರಿಸಿದ್ರು. ಸುಟ್ಟು ಕಪ್ಪಾಗಿತ್ತು, ಒಡೆದಿತ್ತು. ಮಾಡಿದ್ದು ಒಂದೇ ಅಲ್ವಾ, ನಂದೇ ಇರ್ಬೇಕು ಅಂತ.” ಅವನ ಧ್ವನಿ ಇಳಿಯಿತು. “ನನ್ನ ಕೈಯಿಂದ ಒಬ್ಬರ ಕಣ್ಣು ಹೋಯ್ತಲ್ಲ ಅಂತ ತಲೆಯೇ ಓಡ್ಲಿಲ್ಲ ಮೇಡಂ.”

ಲೆಫ್ಟಿನೆಂಟಿಗೆ ಇಂಗ್ಲಿಷಿನಲ್ಲಿ ಹೇಳಿದೆ. ಅವನು ತಲೆ ಅಲ್ಲಾಡಿಸಿದ. ಕಥೆ ಚೆನ್ನಾಗಿದೆ, ಆದರೆ ಕಾಗದದ ಮೇಲೆ ಸಹಿ ಇದೆ ಅಂದ. ಕೈಯಲ್ಲಿ ವರ್ಕ್‌ಶಾಪಿನ ಕೀಲಿಗೊಂಚಲನ್ನು ಗಿರಗಿರ ತಿರುಗಿಸುತ್ತಿದ್ದ. ನನಗೆ ಆ ಸದ್ದೇ ಕಿರಿಕಿರಿ.

“ಹಾಗಾದರೆ ಯಂತ್ರವನ್ನೇ ಕೇಳೋಣ,” ಎಂದು ಅವನನ್ನು ಲೇತಿನ ಮುಂದೆ ನಿಲ್ಲಿಸಿದೆ. “ಈ ಫಲಕ ಓದಿ.”

ಹಳೇ ಲೇತು, ಯಾವುದೋ ಹಡಗು ರಿಪೇರಿ ಯಾರ್ಡಿನ ಗುಜರಿಯಿಂದ ಬಂದದ್ದು. ಗೇರ್ ಪೆಟ್ಟಿಗೆಯ ಮೇಲೆ ಹಿತ್ತಾಳೆಯ ಫಲಕ. ಲಿವರ್ ಎಲ್ಲಿಟ್ಟರೆ ಎಂಥ ಥ್ರೆಡ್ ಬರುತ್ತದೆ ಎಂದು ಅದರಲ್ಲಿ ಕೊರೆದಿತ್ತು. ಲೆಫ್ಟಿನೆಂಟ್ ಬೆರಳಿಟ್ಟು ಓದಿದ. ಇಪ್ಪತ್ತು, ಇಪ್ಪತ್ತೆರಡು, ಇಪ್ಪತ್ತನಾಲ್ಕು, ಇಪ್ಪತ್ತಾರು.

“ಎಲ್ಲ ಇಂಚಿನ ಲೆಕ್ಕ. ಒಡೆದ ತುಂಡಿನದು ಇಂಚಿಗೆ ಇಪ್ಪತ್ತೈದೂವರೆಯ ಹತ್ತಿರ. ಇಪ್ಪತ್ನಾಲ್ಕು ಇದೆ, ಇಪ್ಪತ್ತಾರು ಇದೆ. ನಡುವೆ ಏನಾದರೂ ಇದೆಯಾ?”

ಅವನು ಇನ್ನೊಮ್ಮೆ ನೋಡಿದ. “ಮಾಫಿ,” ಅಂದ. ಇಲ್ಲ.

“ಮಿಲಿಮೀಟರ್ ಕತ್ತರಿಸಬೇಕಾದರೆ ಇದಕ್ಕೆ ಬೇರೆ ಹಲ್ಲಿನ ಚಕ್ರ ಹಾಕಬೇಕು. ಆ ಚಕ್ರ ಇಲ್ಲಿಲ್ಲ. ಬೇಕಾದರೆ ಶೆಡ್ ಪೂರ್ತಿ ಹುಡುಕಿಸಿ.”

“ಅದು ಯಾವತ್ತೂ ಇಲ್ಲ ಸರ್,” ಅಂದ ಹಂಝ, ತನ್ನ ಹಿಂದಿಯಲ್ಲಿ. “ಮಿಲಿಮೀಟರ್ ಕೆಲಸ ಬಂದ್ರೆ ಪಕ್ಕದ ಶೆಡ್ಡಿಗೆ ಕಳಿಸುದು.”

ಅದನ್ನು ಅವನು ಹೇಳಬಾರದಿತ್ತು. ತೌಫೀಕ್ ಚಹಾದ ಗ್ಲಾಸು ಹಿಡಿದುಕೊಂಡೇ ಮುಂದೆ ಬಂದ.

“ಮೇಡಂ, ನಂಗೂ ಹಂಝಾಕನ ಬಗ್ಗೆ ಬೇಜಾರುಂಟು. ಆದ್ರೆ ಅವರೇ ಹೇಳಿದ್ರಲ್ಲ, ಪಕ್ಕಕ್ಕೆ ಕಳಿಸ್ತೇನೆ ಅಂತ. ಇದನ್ನೂ ಹಾಗೇ ಕಳಿಸಿರ್ಬಹುದು. ಅಳತೆ ಹೇಳುವಾಗ ಹದಿನಾರು ಅಂದಿರ್ಬಹುದು. ಅವರೇ ಹೇಳಿದ ಹಾಗೆ.”

ಮೆತ್ತಗೆ, ಗೌರವದಿಂದ ಹೇಳಿದ. ಅದನ್ನೇ ಅರಬ್ಬಿಯಲ್ಲಿ ಲೆಫ್ಟಿನೆಂಟಿಗೂ ಹೇಳಿದ. ಝುಲೈಖ ಎದ್ದು ನಿಂತಳು.

“ತೌಫೀಕಾ, ನೀನು ನಮ್ಮ ಮನೆಯಲ್ಲಿ ಉಂಡವ.”

“ಉಂಡಿದ್ದೇನೆ ಇತ್ತಾ,” ಅಂದ, ತಮ್ಮ ಭಾಷೆಯಲ್ಲಿ ಅಕ್ಕ ಎಂದು ಕರೆದು. “ಅದಕ್ಕೇ ಬಂದದ್ದು ನಾನು. ಸತ್ಯ ಹೊರಗೆ ಬಂದ್ರೆ ಶಿಕ್ಷೆ ಕಡಿಮೆ ಆಗ್ತದೆ.”

“ಬ್ರೇಕನ್ನು ರೈಫಲ್ಲಿಗೆ ಬಿಗಿದು ರುಡೊಲ್ಫ್ ಕೈಗೆ ಕೊಟ್ಟವರು ನೀವಲ್ವಾ?” ಅಂದೆ.

“ಹೌದು, ನಾನೇ.”

“ಮೂರೂವರೆ ಸುತ್ತಿಗೆ ನಿಂತಾಗ ಏನೂ ಅನ್ನಿಸಲಿಲ್ವೇನ್ರೀ?”

“ಹೊಸ ಥ್ರೆಡ್ ಟೈಟ್ ಇರ್ತದೆ ಅಂತ ಪಾನಾ ಹಾಕಿದೆ. ನಾನು ಸ್ಟೋರಿನವ ಮೇಡಂ, ಇಂಜಿನಿಯರ್ ಅಲ್ಲ.” ಒಂದು ಕ್ಷಣವೂ ಕಣ್ಣು ತಗ್ಗಿಸಲಿಲ್ಲ. “ತಪ್ಪಾಗಿದ್ರೆ ಕ್ಲಬ್ಬು ನನ್ನನ್ನು ಕೇಳ್ಲಿ.”

ಉತ್ತರ ಸರಿಯಾಗಿಯೇ ಇತ್ತು. ಅದೇ ನನಗೆ ಉರಿ. ಲೆಫ್ಟಿನೆಂಟ್ ಗಡಿಯಾರ ನೋಡಿದ. ಇನ್ನು ಹದಿನೈದು ನಿಮಿಷ. ಪಕ್ಕದ ಶೆಡ್ಡಿನವರನ್ನು ಕೇಳಿದರೆ ಅವರು ಹೆದರಿಕೊಂಡು ಏನನ್ನೂ ಒಪ್ಪುವುದಿಲ್ಲ, ಅದೂ ಗೊತ್ತು.

ಸುಮ್ಮನೆ ಬೆಂಚಿನ ಮೇಲಿದ್ದ ಸಾಮಾನು ನೋಡಿದೆ. ಒಂದು ಕ್ಯಾಲಿಪರ್ ಇತ್ತು, ಒಂದು ಉಕ್ಕಿನ ಸ್ಕೇಲ್. ಬೇರೇನೂ ಇಲ್ಲ. ಅಳತೆಯವಳ ಕಣ್ಣಿಗೆ ಅದು ಚುಚ್ಚಿತು.

“ಹಂಝ ಅವರೇ, ಥ್ರೆಡ್ ಸರಿ ಬಂತಾ ಅಂತ ನೀವು ಹೇಗೆ ನೋಡ್ತೀರಿ? ಗೇಜ್ ಎಲ್ಲಿ?”

“ಗೇಜ್ ಎಲ್ಲಿಂದ ಬರ್ಬೇಕು ಮೇಡಂ. ನಾನು ಮೊದ್ಲು ಬಳೆ ಮಾಡ್ತೇನೆ.”

“ಬಳೆ?”

“ಗುಜರಿ ತುಂಡಲ್ಲಿ ಒಂದು ಸಣ್ಣ ಬಳೆ. ಅದೇ ಥ್ರೆಡ್ ಹಾಕಿ ಗಿರಾಕಿಯ ಸಾಮಾನಿಗೆ ತಿರುಗಿಸಿ ನೋಡುದು. ಸರಿ ಕೂತ್ರೆ ಮತ್ತೆ ನಿಜವಾದ ತುಂಡಿಗೆ ಕೈ ಹಾಕುದು. ನನ್ನ ಉಸ್ತಾದರು ಕಲಿಸಿದ್ದು. ಒಳ್ಳೆ ಉಕ್ಕು ಹಾಳಾಗ್ಬಾರ್ದು ಅಂತ.”

“ಈ ಕೆಲಸಕ್ಕೂ ಬಳೆ ಮಾಡಿದ್ರಾ?”

“ಮಾಡದೆ ಹೇಗೆ?”

“ಎಲ್ಲಿದೆ ಅದು?”

ಹಂಝ ಯೋಚಿಸಿದ. ಹೆಂಡತಿಯ ಮುಖ ನೋಡಿದ. ಉತ್ತರ ಕೊಟ್ಟವಳು ಅವಳು.

“ಇವರು ಕೊನೇ ಕೆಲಸದ ಬಳೆಯನ್ನು ಕೀಲಿಗೆ ಹಾಕುದು ಅಕ್ಕಾ. ಹೊಸತು ಬಂದ್ರೆ ಹಳೇದು ಡಬ್ಬಿಗೆ. ಯಾವತ್ತಿನಿಂದಲೂ ಹಾಗೆ.”

ಎಲ್ಲರೂ ಒಟ್ಟಿಗೆ ಲೆಫ್ಟಿನೆಂಟಿನ ಕೈ ನೋಡಿದೆವು. ಕೀಲಿಗೊಂಚಲು ತಿರುಗುವುದು ನಿಂತಿತು. ನಾಲ್ಕು ಕೀಲಿ, ಅವನ್ನು ಪೋಣಿಸಿದ್ದ ತಂತಿಯಲ್ಲಿ ಒಂದು ಉಕ್ಕಿನ ಬಳೆ. ಬೆಳಗಿನಿಂದ ಅವನ ಬೆರಳಿಗೆ ಸುತ್ತಿಕೊಂಡಿದ್ದದ್ದು.

“ಸರ್,” ಅಂದೆ. “ಆ ಕೀಲಿ ನಿಮ್ಮ ಕೈಗೆ ಯಾವಾಗ ಬಂತು?”

“ಬಂಧಿಸಿದ ದಿನ. ಅವನ ಜೇಬಿನಿಂದ.” ಅವನೇ ಫೈಲು ತೆಗೆದು ಪಟ್ಟಿ ಓದಿದ. “ಕೀಲಿ ನಾಲ್ಕು. ಉಕ್ಕಿನ ಬಳೆ ಒಂದು. ಮೊಹರು ಹಾಕಿದ ಚೀಲವನ್ನು ಇವತ್ತು ಬೆಳಿಗ್ಗೆ ನಾನೇ ಒಡೆದೆ.”

“ಹಾಗಾದರೆ ನೀವೇ ತಿರುಗಿಸಿ. ನಾನು ಮುಟ್ಟಲ್ಲ.”

ಅವನು ಒಡೆದ ತುಂಡನ್ನು ಬಿಚ್ಚಿ ಪಕ್ಕಕ್ಕಿಟ್ಟ. ಬಳೆಯನ್ನು ತಂತಿಯಿಂದ ಬಿಡಿಸಿ ನಳಿಗೆಯ ತುದಿಗೆ ಹಿಡಿದ. ಎರಡೇ ಬೆರಳು. ಬಳೆ ತಿರುಗಿತು, ಮತ್ತೆ ತಿರುಗಿತು, ಸದ್ದೇ ಇಲ್ಲದೆ ಬುಡದ ತನಕ ಹೋಗಿ ನೆಟ್ಟಗೆ ಕೂತಿತು. ಅವನು ಅದನ್ನು ಅಲುಗಾಡಿಸಿ ನೋಡಿದ. ಅಲುಗಲಿಲ್ಲ.

“ಬೇರೆ ಯಾರದೋ ಕೆಲಸದ ಬಳೆಯೂ ಇರ್ಬಹುದಲ್ಲ,” ಅಂದ ತೌಫೀಕ್.

“ಐದು ಸೂತಿನ ಬೋಲ್ಟುಗಳಿಗೆ ಇಂಚಿಗೆ ಹನ್ನೊಂದೋ ಹದಿನೆಂಟೋ ಸುತ್ತು ಇರುತ್ತೆ. ಇಪ್ಪತ್ನಾಲ್ಕು ಬೇಕಾಗೋದು ಇಂಥ ನಳಿಗೆಗೆ ಮಾತ್ರ. ನಳಿಗೆ ತಂದವರು ನೀವೊಬ್ಬರೇ. ಇದೇ ಯಂತ್ರದಲ್ಲಿ ಥ್ರೆಡ್ ಸರಿ ಬಂದ ಮೇಲೆ ಪಕ್ಕದ ಶೆಡ್ಡಿಗೆ ಯಾಕೆ ಕಳಿಸ್ತಾರೆ?”

ಅವನು ಚಹಾ ಗುಟುಕರಿಸಿದ.

ಲೆಫ್ಟಿನೆಂಟ್ ಶೆಡ್ಡಿನ ಹೊರಗೆ ಹೋಗಿ ಬಿಸಿಲಲ್ಲಿ ನಿಂತು ಫೋನು ಮಾಡಿದ. ಐದು ನಿಮಿಷ, ಆರು ನಿಮಿಷ. ಝುಲೈಖ ತುಟಿ ಅಲ್ಲಾಡಿಸುತ್ತ ಏನೋ ಪಠಿಸುತ್ತಿದ್ದಳು. ನನಗೂ ಚಾಮುಂಡಿಬೆಟ್ಟದ ಮೆಟ್ಟಿಲು ನೆನಪಾಯಿತು, ಹತ್ತುತ್ತೇನೆ ತಾಯಿ ಅಂದುಕೊಂಡೆ, ಮೊಣಕಾಲು ನೋವಿದ್ದರೂ.

ಅವನು ಒಳಗೆ ಬಂದು ಹಂಝನ ಎದುರು ನಿಂತ.

“ಫೈಲು ನಾಳೆ ಹೋಗುವುದಿಲ್ಲ. ಪಾಸ್‌ಪೋರ್ಟ್ ಸ್ವಲ್ಪ ದಿನ ನಮ್ಮಲ್ಲೇ ಇರುತ್ತದೆ. ನೀನು ಮನೆಗೆ ಹೋಗಬಹುದು. ಯಲ್ಲಾ, ಹೊರಡು.”

ಹಂಝನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ ಲೇತಿನ ಮೇಲೆ ಎರಡೂ ಕೈಯೂರಿ ತಲೆ ಬಗ್ಗಿಸಿದ. ಝುಲೈಖ ಅಳಲಿಲ್ಲ. ಚೀಲದಿಂದ ಶರ್ಟು ತೆಗೆದು ಕೊಡವಿ ಹಿಡಿದಳು.

“ಇದನ್ನು ಹಾಕಿ. ಮಡಿಕೆ ಹಾಳಾಗ್ತದೆ.”

ಅವನು ಯಂತ್ರದ ಹಿಂದೆ ಹೋಗಿ ಶರ್ಟು ಬದಲಾಯಿಸಿಕೊಂಡು ಬಂದ. ಗುಂಡಿ ಮೇಲೆ ಕೆಳಗಾಗಿತ್ತು. ಯಾರೂ ಹೇಳಲಿಲ್ಲ. ನನಗೆ ಹನ್ನೊಂದು ದಿನದಿಂದ ಎದೆ ಮೇಲೆ ಕೂತಿದ್ದ ಭಾರ ಇಳಿದು, ಅಬ್ಬ, ಒಂದು ಗ್ಲಾಸು ಚಹಾ ಪೂರ್ತಿ ಕುಡಿಯುವಷ್ಟು ಹಾಯಾಯಿತು. ಪೇದೆ ಕೂಡ ಹಂಝನ ಭುಜ ತಟ್ಟಿದ. ಹಂಝ ನನ್ನ ಹತ್ತಿರ ಬಂದು ಏನೋ ಹೇಳಲು ಹೊರಟ.

“ನನಗೆ ಥ್ಯಾಂಕ್ಸ್ ಹೇಳ್ಬೇಡಿ,” ಅಂದೆ. “ನಾನು ಮೊದಲ ದಿನವೇ ನಳಿಗೆ ಕೇಳಿದ್ದರೆ ನೀವು ಒಂದು ರಾತ್ರಿಯೂ ಅಲ್ಲಿ ಮಲಗಬೇಕಿರಲಿಲ್ಲ. ತಪ್ಪು ನನ್ನದು.”

“ಹೋಗ್ಲಿ ಬಿಡಿ ಮೇಡಂ. ಅಳತೆ ನೀವು ಸರಿಯೇ ಬರ್ದಿದ್ರಿ.”

ಅದು ನನ್ನನ್ನು ಇನ್ನಷ್ಟು ನಾಚಿಸಿತು.

ಲೆಫ್ಟಿನೆಂಟ್ ಒಡೆದ ತುಂಡನ್ನು ಕೈಯಲ್ಲಿ ತೂಗುತ್ತಿದ್ದ. “ಹಾಗಾದರೆ ಇದು ಯಾವುದಕ್ಕೆ ಮಾಡಿದ್ದು?”

ತೂತನ್ನು ಅಳೆದು ನೋಡಿದೆ. ಒಂದು ಕಡೆ ಗುಂಡು ತಾಗಿ ಹರಿದಿತ್ತು, ಇನ್ನೊಂದು ಕಡೆ ಗುಂಡಗೆ ಉಳಿದಿತ್ತು. ಕ್ಲಬ್ಬಿನ ರೈಫಲ್ಲಿನ ಗುಂಡು ಎಂಟು ಮಿಲಿಮೀಟರಿಗೂ ಸಣ್ಣದು. ಈ ತೂತು ಹತ್ತರ ಹತ್ತಿರ.

“ಇದಕ್ಕಿಂತ ದೊಡ್ಡ ರೈಫಲ್ಲಿಗೆ. ದಪ್ಪ ಗುಂಡು, ದೊಡ್ಡ ಪ್ರಾಣಿ ಹೊಡೆಯುವಂಥದು. ಮಿಲಿಮೀಟರ್ ಥ್ರೆಡ್ಡಿನ ನಳಿಗೆ.”

ಅವನು ಫೈಲಿನಲ್ಲಿದ್ದ ಕ್ಲಬ್ಬಿನ ಪಟ್ಟಿ ಮೇಲಿಂದ ಕೆಳಗೆ ನೋಡಿದ. “ಅಂಥದ್ದು ಅವರಲ್ಲಿ ಇಲ್ಲ. ಮತ್ತೆ, ಹಂಝ ಮಾಡಿದ ಬ್ರೇಕ್ ಎಲ್ಲಿ ಹೋಯಿತು?”

“ಸ್ಟೋರಿನಲ್ಲಿ ಹುಡುಕಿಸ್ತೇನೆ ಸರ್,” ಅಂದ ತೌಫೀಕ್, ಅಷ್ಟೇ ಹಸನ್ಮುಖದಿಂದ. “ಎಲ್ಲಾದರೂ ಮೂಲೆಯಲ್ಲಿ ಬಿದ್ದಿರಬಹುದು.”

ಫೋನು ಮತ್ತೆ ಬಡಿದುಕೊಂಡಿತು. ಸಾರಿನ ಪುಡಿ ಇರಬೇಕೆಂದು ಮೊಣಕೈಯಲ್ಲಿ ಒತ್ತಿದೆ.

“ಅಕ್ಕಾ, ನಾನು ತೆರೆಸಾ.” ರುಡೊಲ್ಫ್‌ನ ಹೆಂಡತಿ. ಆಸ್ಪತ್ರೆಗೆ ನೋಡಲು ಹೋದಾಗ ನಾನೇ ನಂಬರ್ ಕೊಟ್ಟು ಬಂದಿದ್ದೆ. ಅಳುತ್ತಿದ್ದಳೋ ನಗುತ್ತಿದ್ದಳೋ ತಿಳಿಯಲಿಲ್ಲ. “ಈಗ ಕಣ್ಣಿನ ಪಟ್ಟಿ ಬಿಚ್ಚಿದ್ರು. ರುಡಿಗೆ ಕಾಣ್ತದೆ. ಎರಡೂ ಕಣ್ಣು ಉಂಟು ಅಕ್ಕಾ, ನನ್ನ ಸೀರೆಯ ಬಣ್ಣ ಹೇಳಿದ್ರು.”

ಹಂಝ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಅತ್ತುಬಿಟ್ಟ. ಬಿಡುಗಡೆಗೆ ಅಳದವನು ಇದಕ್ಕೆ ಅತ್ತ. ನನ್ನ ಕಣ್ಣೂ ತುಂಬಿತು. ಎಣ್ಣೆಯ ಕೈಯಲ್ಲಿ ಒರೆಸಿಕೊಳ್ಳಲೂ ಆಗಲಿಲ್ಲ.

“ಒಳ್ಳೇದಾಯ್ತು ತಾಯಿ, ಒಳ್ಳೇದಾಯ್ತು.”

“ಒಂದು ವಿಷಯ ಅಕ್ಕಾ. ಕಣ್ಣು ಬಿಟ್ಟ ಕೂಡ್ಲೇ ರುಡಿ ಹೇಳಿದ್ದು ಇದೇ.” ಧ್ವನಿ ತಗ್ಗಿತು. “ಆವತ್ತು ಬೆಳಿಗ್ಗೆ ಸ್ಟೋರಲ್ಲಿ ಇನ್ನೊಂದು ಕೋವಿ ಇತ್ತಂತೆ. ದಪ್ಪ ನಳಿಗೆಯದ್ದು, ಕ್ಲಬ್ಬಿನದ್ದಲ್ಲ. ತೌಫೀಕ್ ಗಡಿಬಿಡಿಯಲ್ಲಿ ಬಟ್ಟೆ ಮುಚ್ಚಿದ್ದನ್ನು ಇವರು ನೋಡಿದ್ದಾರೆ. ಕಣ್ಣು ಬಂದದ್ದನ್ನು ತೌಫೀಕ್‌ಗೆ ಮಾತ್ರ ಹೇಳ್ಬೇಡಿ ಅಂತ ಹೇಳ್ತಿದ್ದಾರೆ.”

ಕನ್ನಡ ಬಲ್ಲ ನಾಲ್ವರೂ ಅಲ್ಲಾಡದೆ ನಿಂತೆವು.

ಕನ್ನಡ ಬಾರದ ಲೆಫ್ಟಿನೆಂಟ್ ನಮ್ಮೆಲ್ಲರ ಮುಖ ನೋಡಿ ನಕ್ಕ. “ಒಳ್ಳೆಯ ಸುದ್ದಿಯೇ?”

ಉತ್ತರ ಕೊಟ್ಟವನು ತೌಫೀಕ್, ಅರಬ್ಬಿಯಲ್ಲಿ. ಅಲ್ಹಮ್ದುಲಿಲ್ಲಾಹ್, ನಮ್ಮ ರುಡೊಲ್ಫ್‌ಗೆ ಕಣ್ಣು ಬಂತಂತೆ ಸರ್, ಹೋಗಿ ನೋಡಿ ಬರುತ್ತೇನೆ ಅಂದದ್ದು ನನಗೂ ಅರ್ಥವಾಯಿತು. ಚಹಾದ ಗ್ಲಾಸನ್ನು ಬೆಂಚಿನ ಮೇಲೆ, ನನ್ನ ಫೋನಿನ ಪಕ್ಕದಲ್ಲೇ ಇಟ್ಟ. ಜೇಬಿನಿಂದ ಕಾರಿನ ಕೀಲಿ ತೆಗೆದ. ಲೆಫ್ಟಿನೆಂಟ್ ಅವನ ಕೈ ಕುಲುಕಿದ, ನನ್ನ ಸಲಾಂ ಹೇಳು ಅಂದ.

ಆಸ್ಪತ್ರೆ ಅಲ್ಲಿಂದ ಕಾರಿನಲ್ಲಿ ಹನ್ನೆರಡು ನಿಮಿಷ. ನಾನು ಲೆಫ್ಟಿನೆಂಟಿನ ಕಡೆ ತಿರುಗಿದೆ. ತೌಫೀಕ್ ಆಗಲೇ ಶಟರ್ ದಾಟಿ ಬಿಸಿಲಿಗೆ ಹೋಗಿದ್ದ.

“ಅಕ್ಕಾ?” ಫೋನಿನಲ್ಲಿ ತೆರೆಸಾ ಕೇಳಿದಳು. “ನಿಮ್ಮ ಹತ್ರ ಯಾರಾದ್ರೂ ಇದ್ದಾರಾ?”